ಮುಚ್ಚಳ ಸ್ವಲ್ಪ ಬಿಟ್ಟು

ಅವರಿಗೂ ಅಪ್ಪ ಅಮ್ಮ ಇಟ್ಟ ಒಂದು ಹೆಸರಿತ್ತು ಎನ್ನುವುದು ವಿಶ್ವವಿದ್ಯಾಲಯದಲ್ಲಿ ಸಂಬಳದ ಚೀಟಿಗೆ ಮಾತ್ರ ನೆನಪಿತ್ತು. ಮಿಕ್ಕವರಿಗೆಲ್ಲ ಅವರು ‘ಗೊತ್ತಾಯ್ತಾ ಸಾರ್’. ಏನೇ ಹೇಳಿದರೂ ಅದರ ಬಾಲಕ್ಕೊಂದು ‘ಗೊತ್ತಾಯ್ತಾ?’ ಕಟ್ಟದೆ ಬಿಟ್ಟವರಲ್ಲ. “ಇವತ್ತು ಮೋಡ ಕವಿದಿದೆ, ಗೊತ್ತಾಯ್ತಾ?” “ನಂಗೆ ಹಸಿವಿಲ್ಲ, ಗೊತ್ತಾಯ್ತಾ?” ಇದರಲ್ಲಿ ಗೊತ್ತಾಗದೆ ಇರುವುದೇನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ “ಹೂಂ” ಅಂದು ತಮ್ಮ ದಾರಿ ಹಿಡಿಯುತ್ತಿದ್ದರು.

ಹಾಗೆ ಹೂಂ ಅನ್ನುವವರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ನಾನು ಬೆಳೆದ ಮನೆಯಲ್ಲಿ ದೊಡ್ಡವರ ಮಾತಿಗೆ ಹೂಂ ಅಂದರೆ ಒಳ್ಳೆಯ ಹುಡುಗಿ, “ಹಾಗಂದ್ರೇನು?” ಅಂದರೆ ಎದುರುತ್ತರ ಕೊಡುವವಳು. ಹೂಂ ನನಗೆ ಉಸಿರಾಡಿದಷ್ಟೇ ಸಲೀಸಾಗಿ ಬರುತ್ತಿತ್ತು. ಅವರ ಗೊತ್ತಾಯ್ತಾ, ನನ್ನ ಹೂಂ, ಎರಡೂ ಸೇರಿಕೊಂಡು ನನ್ನ ಕೆಲಸವನ್ನೇ ನುಂಗಲು ಹೊರಟಿದ್ದವು. ಆ ಕೆಲಸ ಹೇಗೆ ಉಳಿಯಿತು ಎಂದು ಹೇಳದೆ ಆ ಮನುಷ್ಯನ ಬಗ್ಗೆ ಏನು ಹೇಳಿದರೂ ಅರ್ಧ ಹೇಳಿದ ಹಾಗೆ.

ನಮ್ಮದು ವಿಜ್ಞಾನ ವಿಭಾಗಗಳ ಕಟ್ಟಡದ ನೆಲಮಾಳಿಗೆ. ಕಿಟಕಿಗಳು ಚಾವಣಿಗೆ ತಾಗಿದಂತಿದ್ದವು. ಅವುಗಳಲ್ಲಿ ಆಕಾಶ ಕಾಣದು, ರಸ್ತೆಯಲ್ಲಿ ಓಡಾಡುವವರ ಚಪ್ಪಲಿ, ಬೂಟುಗಳು ಕಾಣುತ್ತಿದ್ದವು. ಮೇಲಿನ ಪ್ರಯೋಗಾಲಯಗಳಲ್ಲಿ ಬಳಸಿದ ಗಾಜಿನ ಬಾಟಲಿ, ಬಟ್ಟಲು, ಕೊಳವೆ ಎಲ್ಲ ತಳ್ಳುಗಾಡಿಯಲ್ಲಿ ನಮ್ಮಲ್ಲಿಗೆ ಇಳಿದು, ತೊಳೆಸಿಕೊಂಡು ಒಣಗಿ ಮತ್ತೆ ಮೇಲೆ ಹೋಗುತ್ತಿದ್ದವು. ಜೊತೆಗೆ, ಸೂಕ್ಷ್ಮಾಣುಗಳನ್ನು ಬೆಳೆಸುವುದಕ್ಕೆ ಬೇಕಾದ ದ್ರವವನ್ನು ಕುದಿಸಿ, ಬಾಟಲಿಗೆ ಸುರಿದು, ಆಟೋಕ್ಲೇವ್‌ನಲ್ಲಿ ಇಟ್ಟು ಶುದ್ಧ ಮಾಡುವ ಕೆಲಸವೂ ನಮ್ಮದೇ. ಆಟೋಕ್ಲೇವ್ ಎಂದರೆ ಹೆದರಬೇಡಿ, ಒಬ್ಬ ಮನುಷ್ಯ ಮುದುರಿ ಕೂರಬಹುದಾದಷ್ಟು ದೊಡ್ಡ ಪ್ರೆಶರ್ ಕುಕ್ಕರ್ ಅಂದುಕೊಳ್ಳಿ. ಆ ದ್ರವವನ್ನು ನಾವು ‘ಕ್ರಿಮಿಗಳ ಊಟ’ ಎನ್ನುತ್ತಿದ್ದೆವು. ಮನುಷ್ಯರ ಕ್ಯಾಂಟೀನಿಗಿಂತ ಇಲ್ಲೇ ಶುಚಿ ಜಾಸ್ತಿ ಎನ್ನುವುದು ನಮ್ಮ ಉಗ್ರಾಣದವರ ಮಾಮೂಲಿ ತಮಾಷೆ.

ಸಾರ್ ಈ ನೆಲಮಾಳಿಗೆಗೆ ಬಂದಾಗ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲವಂತೆ. ಅವರ ಮೇಲಿದ್ದವರು ಕೆಲಸ ಕಲಿಸುತ್ತಿದ್ದ ವಿಧಾನವೆಂದರೆ ತಲೆಗೆ ಮೊಟಕುವುದು. “ಒಂದೊಂದು ಕೆಲಸಕ್ಕೂ ಒಂದೊಂದು ಜಾಗ ಇತ್ತು ತಲೇಲಿ, ಈಗಲೂ ಮುಟ್ಟಿ ಹೇಳ್ತೀನಿ,” ಎಂದು ಸಾರ್ ನಗುತ್ತಿದ್ದರು. ತಾವು ಮೇಲ್ವಿಚಾರಕರಾದ ದಿನವೇ ಅವರು ಯಾರ ತಲೆಯನ್ನೂ ಮುಟ್ಟುವುದಿಲ್ಲ ಎಂದು ತೀರ್ಮಾನ ಮಾಡಿದ್ದರು. ಮೊಟಕುವುದರ ಬದಲಿಗೆ ಬಂದದ್ದೇ ಈ ‘ಗೊತ್ತಾಯ್ತಾ?’. ಪಾಪ, ಅದು ಅವರ ಪಾಲಿಗೆ ಅಕ್ಕರೆಯ ಮಾತು. ನಮ್ಮ ಕಿವಿಗೆ ಮಾತ್ರ ಅದು ಮೊಟಕಿದ ಹಾಗೇ ಕೇಳುತ್ತಿತ್ತು.

ಕೆಲಸದಲ್ಲಿ ಅವರ ಕೈ ಎಂದರೆ ಕೈ. ತೊಳೆದ ಬಾಟಲಿಯನ್ನು ಬೆಳಕಿಗೆ ಹಿಡಿದು ಒಂದು ಸಲ ತಿರುಗಿಸಿ, ಮೂಗಿನ ಹತ್ತಿರ ತಂದು, “ಇದು ಇನ್ನೂ ಸ್ನಾನ ಮಾಡಿಲ್ಲ” ಎಂದು ವಾಪಸ್ಸು ತೊಟ್ಟಿಗೆ ಹಾಕುತ್ತಿದ್ದರು. ಭುಜದ ಮೇಲೆ ಸದಾ ಒಂದು ಬಿಳಿ ಬಟ್ಟೆ. ನೀರಲ್ಲಿ ನೆನೆದು ನೆನೆದು ಬೆರಳ ತುದಿ ಸುಕ್ಕಾಗಿರುತ್ತಿತ್ತು. ಮಾಡುವುದನ್ನು ನೋಡಿ ಕಲಿಯೋಣವೆಂದರೆ ಆ ಕೈ ನಿಲ್ಲಬೇಕಲ್ಲ! ಕಣ್ಣು ಮಿಟುಕಿಸುವುದರಲ್ಲಿ ಸಾಲಾಗಿ ಮುಚ್ಚಳ ಹಾಕಿ ಮುಗಿಸಿ, “ಇಷ್ಟೇ. ಗೊತ್ತಾಯ್ತಾ?” ಎನ್ನುವರು. ನಾನು “ಹೂಂ”.

ನಾನು ಅಲ್ಲಿ ಸಹಾಯಕಿಯಾಗಿ ಸೇರಿದ್ದೆ, ಇನ್ನೂ ಕಾಯಂ ಆಗಿರಲಿಲ್ಲ. ಆಗ ನಾನು, ನನ್ನ ಮಗಳು ಅಕ್ಕನ ಮನೆಯ ನಡುಮನೆಯಲ್ಲಿ ಮಲಗುತ್ತಿದ್ದೆವು. ಅಕ್ಕ ಒಂದು ದಿನವೂ ಮುಖ ಗಂಟಿಕ್ಕಿದವಳಲ್ಲ, ಭಾವನೂ ಹಾಗೇ. ಆದರೆ ಅವರ ಮನೆಯವರೆಲ್ಲ ಟಿ.ವಿ. ನೋಡಿ ಎದ್ದ ಮೇಲೆ ಹಾಸಿಗೆ ಬಿಚ್ಚಬೇಕು, ಅವರು ಏಳುವ ಮುಂಚೆ ಸುತ್ತಿಡಬೇಕು. ಮಗಳಿಗೆ ಜ್ವರ ಬಂದರೂ ಅಷ್ಟೇ. ಕಾಯಂ ಆದವರಿಗೆ ವಿಶ್ವವಿದ್ಯಾಲಯದ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆಯ ವಸತಿ ಸಿಗುತ್ತಿತ್ತು. ಮಗಳು ದಿನಾ ಕೇಳುವಳು, “ಅಮ್ಮ, ನಮ್ಮದೇ ಬಾಗಿಲು ಯಾವಾಗ?” ಕಾಯಂ ಆಗಬೇಕೆಂದರೆ ಸಾರ್ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬರೆಯಬೇಕು. ಅವರು ಹೇಗೆ ಬರೆದಾರು? ನಾನು ಬಾಟಲಿ ಒಡೆಯುತ್ತಿದ್ದೆನಲ್ಲ!

ಆಟೋಕ್ಲೇವ್ ಒಳಗೆ ಬಿಸಿ ಏರಿದಂತೆ “ಟಪ್” ಎನ್ನುವ ಸದ್ದು. ಎಲ್ಲ ಆರಿದ ಮೇಲೆ ಬಾಗಿಲು ತೆಗೆದರೆ ಗಾಜಿನ ಚೂರು, ಚೆಲ್ಲಿಹೋದ ಕ್ರಿಮಿಗಳ ಊಟ. ಮೇಲಿನ ಪ್ರಯೋಗಾಲಯದವರು ಕಾಯುತ್ತಿರುತ್ತಾರೆ.

“ಏನಮ್ಮಾ ಇದು? ಮುಚ್ಚಳ ಸ್ವಲ್ಪ ಬಿಟ್ಟು ಹಾಕಿ ಅಂದಿದ್ನಲ್ಲ?”

“ಬಿಟ್ಟೇ ಹಾಕಿದೆ ಸಾರ್.”

“ಬಿಟ್ಟು ಹಾಕಿದ್ರೆ ಯಾಕೆ ಒಡೆಯತ್ತೆ? ಇನ್ನೂ ಸ್ವಲ್ಪ ಜಾಸ್ತಿ ಬಿಡಿ. ಗೊತ್ತಾಯ್ತಾ?”

“ಹೂಂ.”

ಮುಂದಿನ ಸಲ ಇನ್ನೂ ಜಾಸ್ತಿ ಬಿಟ್ಟೆ. ಮತ್ತೆ ಟಪ್. ಅವರಿಗೆ ನಾನು ಸುಳ್ಳಿ ಅನ್ನಿಸತೊಡಗಿತು, ನನಗೆ ಅವರು ಕಾಲು ಕೆರೆದು ಜಗಳಕ್ಕೆ ಬರುವವರು ಅನ್ನಿಸತೊಡಗಿತು. ಒಂದು ಮಧ್ಯಾಹ್ನ ನಾನು ತೊಳೆದ ಕೊಳವೆ ಜೋಡಿಸುತ್ತಿದ್ದಾಗ ಅವರು ಕಪಾಟಿನ ಆಚೆ ಉಗ್ರಾಣದವರಿಗೆ ಹೇಳಿದ್ದು ಕೇಳಿಸಿತು. “ಹೆಂಗಸು ಒಳ್ಳೇವಳು ಕಣಯ್ಯಾ. ಆದ್ರೆ ಹೇಳಿದ್ದು ತಲೆಗೆ ಹೋಗಲ್ಲ. ನಾನು ಹೇಗೆ ಚೆನ್ನಾಗಿದೆ ಅಂತ ಬರೀಲಿ? ಕೆಲಸದಿಂದ ಬಿಡಿಸಬೇಕಾಗತ್ತೆ.” ಕೊಳವೆ ಕೈಯಲ್ಲೇ ಉಳಿಯಿತು. ಅವತ್ತು ಮನೆಗೆ ಹೋಗಿ ಅಕ್ಕನಿಗೆ ಏನೂ ಹೇಳಲಿಲ್ಲ, ಮಗಳ ಜಡೆಯನ್ನು ಮಾತ್ರ ಎರಡೆರಡು ಸಲ ಹೆಣೆದೆ.

ನನ್ನನ್ನು ಉಳಿಸಿದ್ದು ಒಂದು ಸುತ್ತೋಲೆ. ಸುತ್ತೋಲೆಯಿಂದ ಯಾರಿಗಾದರೂ ಒಳ್ಳೆಯದಾದದ್ದನ್ನು ನಾನು ಕಂಡಿರುವುದು ಅದೊಂದೇ ಸಲ. ವಿಶ್ವವಿದ್ಯಾಲಯದ ತರಬೇತಿ ವಿಭಾಗದವರು ಎಲ್ಲ ಮೇಲ್ವಿಚಾರಕರಿಗೂ, ಕೆಲಸದ ಜಾಗದಲ್ಲೇ ಹೊಸಬರಿಗೆ ಕಲಿಸುವವರಿಗೂ ಒಂದು ತರಬೇತಿ ಏರ್ಪಡಿಸಿದ್ದರು. ಅದನ್ನು ಮುಗಿಸಿದವರು ಬರೆದ ಅಭಿಪ್ರಾಯವಷ್ಟೇ ಇನ್ನು ಮುಂದೆ ಕಾಯಂ ಮಾಡುವಾಗ ನಡೆಯುತ್ತದೆ ಎಂದು ಅದರಲ್ಲಿತ್ತು. ಅಂದರೆ ನನ್ನ ಕುತ್ತಿಗೆ ಕತ್ತರಿಸುವುದಕ್ಕೂ ಮೊದಲು ಸಾರ್ ತರಬೇತಿಗೆ ಹೋಗಿ ಬರಲೇಬೇಕು!

“ನಾನು ಈ ತೊಟ್ಟಿಗೆ ಕೈ ಹಾಕಿದಾಗ ಆ ತರಬೇತಿ ಕೊಡೋರು ಹುಟ್ಟಿದ್ರೋ ಇಲ್ವೋ,” ಎಂದು ಸಾರ್ ಕುದಿದರು. “ನಂಗೆ ಕಲಿಸೋದು ಹೇಗೆ ಅಂತ ಅವರು ಕಲಿಸ್ತಾರಂತೆ. ಗೊತ್ತಾಯ್ತಾ?”

ಉಗ್ರಾಣದವರು ತಲೆ ಎತ್ತದೆ “ಹೂಂ” ಅಂದರು.

ಅಲ್ಲಿ ನಡೆದದ್ದನ್ನು ಆಮೇಲೆ ಸಾರ್ ನನಗೆ ಅದೆಷ್ಟು ಸಲ ಹೇಳಿದ್ದಾರೆಂದರೆ, ನಾನೇ ಆ ಕೋಣೆಯ ಮೂಲೆಯಲ್ಲಿ ಕೂತಿದ್ದೆನೇನೋ ಅನ್ನಿಸುತ್ತದೆ. ಕುರ್ಚಿಗಳನ್ನು ದುಂಡಗೆ ಹಾಕಿದ್ದರಂತೆ. ಗ್ರಂಥಾಲಯದವರು, ವಿದ್ಯುತ್ ವಿಭಾಗದವರು, ಹಾಸ್ಟೆಲಿನವರು, ಎಲ್ಲರೂ ಕೈಕಟ್ಟಿಕೊಂಡು, ಹಲ್ಲಿನ ಡಾಕ್ಟರ ಹತ್ತಿರ ಬಂದವರ ಹಾಗೆ ಕೂತಿದ್ದರಂತೆ. ತರಬೇತಿ ಕೊಡುವ ಮೇಡಂ ತುಂಬ ಮಾತಾಡಲಿಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿ, “ನಿಮ್ಮ ನಿಮ್ಮ ಕೆಲಸದ ಒಂದು ಸಣ್ಣ ವಿಷಯ ಪಕ್ಕದವರಿಗೆ ಕಲಿಸಿ. ದಿನಾ ಹೇಗೆ ಕಲಿಸ್ತೀರೋ ಹಾಗೇ,” ಅಂದರು.

ಸಾರ್ ಪಕ್ಕದಲ್ಲಿದ್ದದ್ದು ತೋಟದ ಮೇಲ್ವಿಚಾರಕಿ. ಆಕೆ ಚೀಲದಿಂದ ಒಂದು ಹಗ್ಗ ತೆಗೆದು, ಎಳೆಯ ಗಿಡವನ್ನು ಕೋಲಿಗೆ ಕಟ್ಟುವ ಗಂಟು ತೋರಿಸಿದರು. ಗಾಳಿಗೆ ಜಾರಬಾರದು, ಗಿಡ ಬೆಳೆದರೆ ಬಿಗಿಯಬಾರದು, ಅಂಥ ಗಂಟು. “ಹೀಗೆ ಸುತ್ತಿ, ಹೀಗೆ ತಂದು, ಒಳಗಿಂದ ಎಳೆದುಬಿಟ್ರೆ ಆಯ್ತು. ಗೊತ್ತಾಯ್ತಾ ಸಾರ್?”

ಸಾರ್ “ಹೂಂ” ಅಂದರು.

ಅಷ್ಟರಲ್ಲಿ ಮೇಡಂ ಅಲ್ಲಿಗೆ ಬಂದು, “ಈಗ ನೀವು ಕಟ್ಟಿ ತೋರಿಸಿ ಸಾರ್,” ಅಂದರು.

ಯಾವ ಕೈ ಕಣ್ಣು ಮಿಟುಕಿಸುವುದರಲ್ಲಿ ಕೆಲಸ ಮುಗಿಸುತ್ತಿತ್ತೋ ಆ ಕೈ ಹಗ್ಗದ ಎರಡು ತುದಿ ಹಿಡಿದು ಸುಮ್ಮನೆ ನಿಂತಿತು. ಯಾವುದು ಯಾವುದರ ಮೇಲೆ? ಒಳಗಿಂದ ಎಂದರೆ ಯಾವುದರ ಒಳಗಿಂದ? ಸುತ್ತಲಿನವರೆಲ್ಲ ನೋಡುತ್ತಿದ್ದಾರೆ. ಕಿವಿಯೆಲ್ಲ ಕೆಂಪಾಯಿತಂತೆ.

“ಗೊತ್ತಾಗಿರಲಿಲ್ಲ ಅಲ್ವಾ? ಮತ್ತೆ ಹೂಂ ಅಂದ್ರಲ್ಲ, ಯಾಕೆ ಸಾರ್?” ಮೇಡಂ ನಗಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದರು.

“ಮರ್ಯಾದೆಗೆ ಮೇಡಂ.”

“ಯಾರ ಮರ್ಯಾದೆಗೆ?”

ಸಾರ್ ಹಗ್ಗವನ್ನು ಕೆಳಗಿಟ್ಟರು. “ನಂದೂ ಹೋಗಬಾರದು. ಇವರು ಪಾಪ ಅಷ್ಟು ಹೇಳಿಕೊಟ್ಟಿದ್ದಾರೆ, ಇವರದೂ ಹೋಗಬಾರದು.”

“ನಿಮ್ಮ ಕೈಕೆಳಗಿನವರೂ ನಿಮಗೆ ಅಷ್ಟೇ ಮರ್ಯಾದೆ ಕೊಡ್ತಿರ್ತಾರೆ ಸಾರ್,” ಅಂದರಂತೆ ಮೇಡಂ.

“ಅವತ್ತು ರಾತ್ರಿ ಊಟ ಸೇರಲಿಲ್ಲ ನೋಡಿ,” ಎಂದು ಸಾರ್ ಪ್ರತಿ ಸಲವೂ ಇಲ್ಲಿಗೆ ಬಂದಾಗ ನಿಲ್ಲಿಸುತ್ತಿದ್ದರು. ಮೇಡಂ ಎಲ್ಲರಿಗೂ ಒಂದು ಕೆಲಸ ಕೊಟ್ಟು ಕಳಿಸಿದ್ದರು. ನಿಮ್ಮಲ್ಲಿನ ಒಬ್ಬರ ಹತ್ತಿರ ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ಮಾಡಿಸಿ. ನಿಮ್ಮ ಕೈ ಬೆನ್ನ ಹಿಂದೆ ಇರಲಿ. ಗೊತ್ತಾಯ್ತಾ ಎನ್ನುವ ಮಾತು ಬಾಯಿಂದ ಬರಬಾರದು.

ಇದೊಂದೂ ಆಗ ನನಗೆ ತಿಳಿಯದು. ಬೆಳಿಗ್ಗೆ ಬಂದರೆ ಸಾರ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನನ್ನ ಮೇಜಿನ ಪಕ್ಕ ನಿಂತಿದ್ದಾರೆ. ಭುಜದ ಮೇಲೆ ಬಿಳಿ ಬಟ್ಟೆಯೂ ಇಲ್ಲ. ಬಂತಪ್ಪ, ಕೊನೆಯ ತಪ್ಪು ಕಣ್ಣಾರೆ ನೋಡಿ ಬರೆದುಬಿಡುತ್ತಾರೆ ಅಂದುಕೊಂಡೆ.

“ಬಾಟಲಿ ತುಂಬಿಸೋದರಿಂದ ಶುರು ಮಾಡಿಮ್ಮಾ. ನಿಮಗೆ ಹೇಗೆ ತಿಳಿದಿದೆಯೋ ಹಾಗೆ. ನಾನು ಮಧ್ಯೆ ಬಾಯಿ ಹಾಕಲ್ಲ. ಗೊತ್ತಾ—” ಎಂದವರು ಜೋರಾಗಿ ಕೆಮ್ಮಿದರು.

ಕುದಿದ ದ್ರವವನ್ನು ಬಾಟಲಿಗಳಿಗೆ ಸುರಿದೆ. ಒಂದೆರಡು ಹನಿ ಚೆಲ್ಲಿತು. ಅವರ ಕೈ ಬೆನ್ನ ಹಿಂದೆಯೇ ಇತ್ತು. ಎಲ್ಲ ತುಂಬಿದ ಮೇಲೆ ಮುಚ್ಚಳಗಳನ್ನು ಸಾಲಾಗಿ ಇಟ್ಟುಕೊಂಡು, ಗಡಿಯಾರ ನೋಡುತ್ತ ನಿಂತೆ. ಅವರೂ ನಿಂತರು. ಕಿಟಕಿಯಲ್ಲಿ ಯಾರದೋ ಬೂಟು ಹೋಯಿತು, ಇನ್ಯಾರದೋ ಚಪ್ಪಲಿ ಬಂತು. ನಾನು ನಿಂತೇ ಇದ್ದೆ. ಅವರ ಮುಖ ನೋಡಬೇಕಿತ್ತು, ಮಾತು ಗಂಟಲವರೆಗೂ ಬಂದು ಬಂದು ವಾಪಸ್ಸು ಹೋಗುತ್ತಿತ್ತು. ಕಡೆಗೆ ತಡೆಯಲಾರದೆ ಕೇಳಿಯೇಬಿಟ್ಟರು.

“ಯಾಕಮ್ಮಾ ನಿಂತ್ರಿ?”

“ಬಿಡ್ತಾ ಇದೀನಿ ಸಾರ್.”

“ಏನನ್ನ ಬಿಡ್ತಾ ಇದೀರಿ?”

“ನೀವೇ ಹೇಳಿದ್ರಲ್ಲ ಸಾರ್, ಮುಚ್ಚಳ ಸ್ವಲ್ಪ ಬಿಟ್ಟು ಹಾಕಿ ಅಂತ. ಅದಕ್ಕೇ ಸ್ವಲ್ಪ ಹೊತ್ತು ಬಿಡ್ತಾ ಇದೀನಿ. ಒಡೀತು ಅಂತ ನೀವು ಇನ್ನೂ ಜಾಸ್ತಿ ಬಿಡಿ ಅಂದ್ರಿ. ಈಗ ಮೊದಲಿಗಿಂತ ತುಂಬಾನೇ ಬಿಡ್ತೀನಿ. ಆಮೇಲೆ ಚೆನ್ನಾಗಿ ಬಿಗಿಯಾಗಿ ತಿರುಗಿಸಿ ಹಾಕ್ತೀನಿ.”

ಸಾರ್ ಬೆನ್ನ ಹಿಂದಿದ್ದ ಕೈಗಳು ತಾವಾಗಿಯೇ ಮುಂದೆ ಬಂದವು. ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು.

ಅವರು ಹೇಳಿದ್ದು, ಮುಚ್ಚಳವನ್ನು ಪೂರ್ತಿ ಬಿಗಿಯದೆ ಸ್ವಲ್ಪ ಸಡಿಲ ಬಿಟ್ಟು ಹಾಕಿ, ಒಳಗಿನ ಹಬೆ ಹೊರಗೆ ಬರಲಿ ಎಂದು. ನಾನು ಕೇಳಿಸಿಕೊಂಡದ್ದು, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಮುಚ್ಚಳ ಹಾಕಿ ಎಂದು. ಅವರು ಬೈದಷ್ಟೂ ನಾನು ಕಾದೆ. ಕಾದು ಕಾದು, ಇನ್ನು ಒಡೆಯಬಾರದೆಂದು ಇರುವ ಶಕ್ತಿಯನ್ನೆಲ್ಲ ಹಾಕಿ ಬಿಗಿದೆ. ಬಿಗಿದಷ್ಟೂ ಒಡೆಯಿತು. ಇಬ್ಬರೂ ಒಂದೇ ಮಾತು ಆಡುತ್ತಿದ್ದೆವು, ಇಬ್ಬರೂ ನಿಜವನ್ನೇ ಹೇಳುತ್ತಿದ್ದೆವು.

“ನೀವು ಸುಳ್ಳು ಹೇಳಿರಲಿಲ್ಲ,” ಅಂದರು ಸಾರ್, ನೆಲ ನೋಡುತ್ತ. “ನಾನು ಹೇಳಿದ್ದನ್ನೇ ಮಾಡಿದ್ದೀರಿ. ನಂದೇ ಮಾತು, ಬೈಸಿಕೊಂಡಿದ್ದು ನೀವು.” ಕನ್ನಡಕ ತೆಗೆದು ತೊಟ್ಟಿಯ ನಲ್ಲಿಗೆ ಹಿಡಿದು ತೊಳೆದರು. ಅದರಲ್ಲಿ ತೊಳೆಯುವಂಥ ಕೊಳೆ ಏನೂ ಇರಲಿಲ್ಲ. ನನಗೂ ಕಣ್ಣು ತುಂಬಿ ಬಂತು. ಅಳು ಬಂದದ್ದು ದುಃಖಕ್ಕಲ್ಲ. ನಾನು ಪೆದ್ದಿಯಲ್ಲ ಎಂದು ತಿಳಿದ ಸುಖಕ್ಕೆ.

ಆಮೇಲೆ ಅವರು ಒಂದು ಮುಚ್ಚಳ ಹಾಕಿ, ಪೂರ್ತಿ ತಿರುಗಿಸಿ, ಹಿಂದಕ್ಕೆ ಅರ್ಧ ಸುತ್ತು ಬಿಟ್ಟರು. ಆ ಅರ್ಧ ಸುತ್ತು! ಅವರ ಬೆರಳು ಅದನ್ನು ಅಷ್ಟು ದಿನವೂ ಮಾಡುತ್ತಲೇ ಇತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. “ಈಗ ನೀವು ಮಾಡಿ ತೋರಿಸಿ,” ಅಂದರು. ತೋರಿಸಿದೆ. ಆವತ್ತು ಒಂದೂ ಟಪ್ ಅನ್ನಲಿಲ್ಲ.

ನನ್ನ ಬಗ್ಗೆ ಅವರು ಒಳ್ಳೆಯ ಮಾತು ಬರೆದರು, ನಾನು ಕಾಯಂ ಆದೆ. ವಸತಿಯ ಬೀಗದ ಕೈ ಸಿಕ್ಕ ದಿನ ಮಗಳು ಬಾಗಿಲನ್ನು ತೆಗೆದು ಹಾಕಿ ತೆಗೆದು ಹಾಕಿ, ಪಕ್ಕದವರು ಬಂದು ಏನಾಯಿತೆಂದು ಕೇಳುವ ಹಾಗೆ ಮಾಡಿದಳು. ಅಕ್ಕ ಒಳಗೆಲ್ಲ ಓಡಾಡಿ, “ಇನ್ಮೇಲೆ ಎಷ್ಟು ಹೊತ್ತಿಗೆ ಬೇಕಾದ್ರೂ ಮಲಗು, ಎಷ್ಟು ಹೊತ್ತಿಗೆ ಬೇಕಾದ್ರೂ ಏಳು ಕಣೇ,” ಎಂದು ನನ್ನನ್ನು ತಬ್ಬಿಕೊಂಡಳು. ಅವಳಿಗೆ ಎಲ್ಲ ಗೊತ್ತಿತ್ತು.

ಸಾರ್ ಬದಲಾದರು ಎಂದರೆ ಪೂರ್ತಿ ಬದಲಾಗಲಿಲ್ಲ. ಆ ಮಾತು ಬಾಯಿಯವರೆಗೆ ಬರುತ್ತಿತ್ತು, ಅರ್ಧಕ್ಕೆ ಕೆಮ್ಮು ಬರುತ್ತಿತ್ತು. ಕೆಲವು ದಿನ ಅಷ್ಟು ಕೆಮ್ಮಿದರೆಂದರೆ ಅವರ ಹೆಂಡತಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದರು. ತರಬೇತಿಯ ಮೇಡಂ ಆಮೇಲೆ ಪ್ರತಿ ತಂಡಕ್ಕೂ ಅವರನ್ನು ಕರೆದು ಮಾತಾಡಿಸುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, “ನಾನು ಪಾಠ ಮಾಡಿ ಬರ್ತೀನಿ, ಇಲ್ಲಿ ನೋಡ್ಕೊಳ್ಳಿಮ್ಮಾ,” ಎಂದು ಹೊರಡುವರು. ಅಲ್ಲಿ ಏನು ಹೇಳುತ್ತಾರೆಂದು ನಾನು ಕೇಳಿದವಳಲ್ಲ. ನನ್ನ ಮುಚ್ಚಳದ ಕಥೆ ಹೇಳಿ ನಗಿಸುತ್ತಿರಬಹುದು, ನಗಿಸಲಿ ಬಿಡು, ಅಷ್ಟು ಹಕ್ಕು ಅವರಿಗಿದೆ ಅಂದುಕೊಂಡಿದ್ದೆ.

ಅವರು ನಿವೃತ್ತರಾದ ಮೇಲೆ ಅವರ ಜಾಗ ನನಗೆ ಬಂತು. ನಾನೂ ಅದೇ ತರಬೇತಿಗೆ ಹೋದೆ. ಅದೇ ದುಂಡಗೆ ಹಾಕಿದ ಕುರ್ಚಿ, ಅದೇ ಮೇಡಂ, ಕೂದಲು ಮಾತ್ರ ಬೆಳ್ಳಗಾಗಿತ್ತು. “ಇಲ್ಲಿಗೆ ಒಬ್ಬರು ಹಿರಿಯರು ಬಂದು ಒಂದು ಕಥೆ ಹೇಳ್ತಿದ್ರು,” ಎಂದು ಶುರು ಮಾಡಿದರು. ನಾನು ತಲೆ ತಗ್ಗಿಸಿ ನಗಲು ಸಿದ್ಧಳಾದೆ.

“ಅವರು ಕೆಲಸಕ್ಕೆ ಸೇರಿದ ಹೊಸತು. ಮುಚ್ಚಳ ಸ್ವಲ್ಪ ಬಿಟ್ಟು ಹಾಕು ಅಂತ ಅವರ ಮೇಲ್ವಿಚಾರಕರು ಹೇಳಿದ್ರಂತೆ. ಇವರು ಏನು ಮಾಡಿದ್ರು ಗೊತ್ತಾ? ಗಡಿಯಾರ ನೋಡ್ತಾ ನಿಂತ್ರಂತೆ!”

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. “ನಾನೆಂಥ ಪೆದ್ದ ನೋಡಿ” ಎಂದು ಸಾರ್ ಪ್ರತಿ ಸಲವೂ ಹಣೆ ಬಡಿದುಕೊಂಡು ಹೇಳುತ್ತಿದ್ದುದನ್ನು ಮೇಡಂ ಅಭಿನಯಿಸಿ ತೋರಿಸಿದರು. ನನಗೆ ನಗು ಬರಲಿಲ್ಲ. ಎದ್ದು ನಿಂತು, ಆ ಗಡಿಯಾರ ನೋಡಿದವಳು ನಾನು ಎಂದು ಕೂಗಬೇಕೆನ್ನಿಸಿತು. ಅಷ್ಟು ವರ್ಷ, ಅಷ್ಟು ತಂಡಗಳ ಎದುರು, ಆ ಮನುಷ್ಯ ನನ್ನ ಪೆದ್ದುತನವನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡು ನಗಿಸಿದ್ದರು. ನನ್ನನ್ನು ಬೈದವರ ಪಾತ್ರವನ್ನೂ ಅವರೇ ಮಾಡಿರಬೇಕು.

ಅಲ್ಲಿಂದ ನೇರ ಅವರ ಮನೆಗೇ ಹೋದೆ. ಸಾರ್ ಜಗುಲಿಯಲ್ಲಿ ಕೂತು ಕುಂಡದ ಗಿಡವನ್ನು ಕೋಲಿಗೆ ಕಟ್ಟುತ್ತಿದ್ದರು. ಅದೇ ತೋಟದ ಗಂಟು.

“ಸಾರ್, ಆ ಕಥೇಲಿ ನೀವು ಯಾಕೆ ನಿಂತ್ರಿ? ನಿಂತಿದ್ದು ನಾನಲ್ವಾ?”

ಸಿಕ್ಕಿಬಿದ್ದವರ ಹಾಗೆ ನಕ್ಕರು. “ನೀವಾಗ ಹೊಸಬರಮ್ಮಾ. ಆ ಕಟ್ಟಡದಲ್ಲಿ ಒಂದು ಅಡ್ಡಹೆಸರು ಬಿತ್ತು ಅಂದ್ರೆ ನಿವೃತ್ತಿ ಆಗೋವರೆಗೂ ಬಿಡಲ್ಲ. ನಂಗೆ ಹೇಗೂ ಒಂದಿತ್ತು. ಇನ್ನೊಂದು ಬಿದ್ರೆ ಏನು ಭಾರ?”

ಅಯ್ಯೋ, ಅಂದರೆ ಅವರಿಗೆ ತಮ್ಮ ಅಡ್ಡಹೆಸರು ಗೊತ್ತಿತ್ತು! ನಾವೆಲ್ಲ ಅಷ್ಟು ವರ್ಷ ಬಾಯಿಗೆ ಕೈ ಅಡ್ಡ ಹಿಡಿದು ಆಡಿದ್ದೇ ಆಡಿದ್ದು.

“ಈಗ ನೀವೇ ಮೇಲ್ವಿಚಾರಕಿ. ಇನ್ಮೇಲೆ ಬೇಕಾದ್ರೆ ನಿಮ್ಮ ಕಥೆ ನೀವೇ ಹೇಳ್ಕೊಳ್ಳಿ,” ಅಂದರು. ಹಾಗಾಗಿಯೇ ಇದನ್ನು ಬರೆದಿದ್ದೇನೆ.

ಆವತ್ತು ನಾನು ಹೂಂ ಅಂದು ಸುಮ್ಮನಾಗಲಿಲ್ಲ. ಒಳಗಿದ್ದದ್ದನ್ನೆಲ್ಲ ಹೇಳಿದೆ. ನಮ್ಮ ಮನೆಗೆ ಒಂದು ಬಾಗಿಲಿರುವುದು ನಿಮ್ಮಿಂದ, ಮಗಳು ಇವತ್ತು ತಲೆಯೆತ್ತಿ ಎಲ್ಲರ ಹತ್ತಿರವೂ “ಹಾಗಂದ್ರೇನು?” ಎಂದು ಕೇಳುತ್ತಾಳೆ, ಅದೂ ನಿಮ್ಮಿಂದ, ನಿಮ್ಮ ಋಣ ನಾನು ಹೇಗೆ ತೀರಿಸಲಿ ಎಂದೆ. ಅವರು ಹಗ್ಗವನ್ನೇ ನೋಡುತ್ತ ಕೂತಿದ್ದರು. ನನಗೆ ಸಿಟ್ಟು ಬಂತು. ಕೇಳಿಸಿಕೊಂಡರೋ ಇಲ್ಲವೋ!

“ಗೊತ್ತಾಯ್ತಾ ಸಾರ್?” ಎಂದುಬಿಟ್ಟೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

“ಹೂಂ,” ಅಂದರು ಸಾರ್.

ಒಳಗಿಂದ ಅವರ ಹೆಂಡತಿ ನಗುತ್ತ ಕೂಗಿದರು, “ಬಿಡಬೇಡಮ್ಮಾ, ಏನು ಗೊತ್ತಾಯ್ತು ತೋರಿಸಿ ಅಂತ ಕೇಳು!”

ನಾನು ಕೇಳಲಿಲ್ಲ. ಅಷ್ಟು ವರ್ಷ ನನ್ನ ಜಾಗದಲ್ಲಿ ತಾವು ನಿಂತು, ಅವರು ಅದನ್ನು ಆಗಲೇ ತೋರಿಸಿಯಾಗಿತ್ತು.